ಬಿದರಿ ಡಬ್ಬಿಯೊಳಗೊಂದು ಚೀಟಿ

ಬೀದರಿನ ಚೌಬಾರಾ ಸುತ್ತಮುತ್ತಲಿನ ಬಿದರಿ ಅಂಗಡಿಗಳಲ್ಲಿ ಗಿರಾಕಿಗೆ ಮಾಲಿಗಿಂತ ಮೊದಲು ಮಾತು ಸಿಗುತ್ತದೆ. ಡಾಬಕಾದಂತಹ ಗಡಿ ಊರಿನಿಂದ ಬರುವ ನಮ್ಮಂಥವರು ಮದುವೆಯ ಉಡುಗೊರೆಗೆಂದು ಒಂದು ಹೂದಾನಿ ಕೇಳಿದರೆ ಸಾಕು, ಅಂಗಡಿಯವರು ಅದನ್ನು ತೆಗೆದು ನಮ್ಮ ಕೈಗೇ ಕೊಡುತ್ತಾರೆ. ಭಾರ ಗೊತ್ತಾಗುತ್ತದೆ. ಬೆಳ್ಳಿ ತಂತಿಯ ಕೆಲಸ ಯಾವುದು, ತಗಡಿನ ಕೆಲಸ ಯಾವುದು ಎಂದು ಬೆರಳಿಟ್ಟು ತೋರಿಸುತ್ತಾರೆ. ಹುಳಿ ಮುಟ್ಟಿಸಬೇಡಿ ಎನ್ನುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ. ಬೆಲೆಯ ಮಾತು ಕೊನೆಗೆ.

ಅದೇ ಹೂದಾನಿ ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ನಿಂತಾಗ ಈ ಮಾತೆಲ್ಲ ಉದುರಿ ಹೋಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಒಂದು ಕಪ್ಪು ಚಿತ್ರ, ಕೆಳಗೆ ಬೆಲೆ, ಪಕ್ಕದಲ್ಲಿ ನಕ್ಷತ್ರಗಳು.

ಬೆಂಗಳೂರಿನಲ್ಲಿರುವ ನಮ್ಮ ತಂಗಿಯ ಮಗಳು ಹೀಗೆಯೇ ಒಂದು ಹೂದಾನಿ ತರಿಸಿಕೊಂಡಿದ್ದಳು. ಚಿತ್ರದಲ್ಲಿ ಮೊಳದುದ್ದ ಕಂಡದ್ದು ಬಂದಾಗ ಅಂಗೈಯಗಲ ಇತ್ತು. ಅದನ್ನೂ ಸಹಿಸಿದಳು. ನಾಲ್ಕು ತಿಂಗಳ ಮೇಲೆ ಧೂಳು ಕೂತಿತೆಂದು, ಮನೆಯ ಹಿತ್ತಾಳೆ ತಂಬಿಗೆ ತಿಕ್ಕುವಂತೆ, ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಳು. ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತು ಬೂದಿಯಾಯಿತು. ಮಾರಿದವರಿಗೆ ಬರೆದರೆ ಯಂತ್ರದಿಂದ ಬಂದಂಥ ಒಂದೇ ಉತ್ತರ, ವಾಪಸಾತಿಯ ಅವಧಿ ಮುಗಿದಿದೆ ಎಂದು. ಒಂದು ನಕ್ಷತ್ರ ಕೊಟ್ಟು ‘ನಕಲಿ ಮಾಲು’ ಎಂದು ಬರೆದಳು. ರಜೆಗೆ ಬಂದಾಗ ಹೂದಾನಿಯನ್ನು ನಮ್ಮ ಮುಂದಿಟ್ಟು, “ಖಾಲಾ, ನಮ್ಮ ಬೀದರಿನ ಹೆಸರಲ್ಲಿ ಹೀಗೂ ಮೋಸ ಮಾಡ್ತಾರಾ?” ಎಂದಳು.

ಪರಿಚಯದ ಕುಶಲಕರ್ಮಿಯೊಬ್ಬರ ಬಳಿ ಒಯ್ದೆವು. ಅವರು ತಿರುಗಿಸಿ ನೋಡಿ ನಕ್ಕರು. “ಮಾಲು ಖೋಟಾ ಅಲ್ರಿ. ಹುಡುಗಿಗೆ ಯಾರೂ ಏನೂ ಹೇಳಿಲ್ಲ, ಅಷ್ಟೇ ಅದ.”

ಹೇಳಬೇಕಾದದ್ದು ಬಹಳವೇನಿರಲಿಲ್ಲ. ಬಿದರಿಯ ಒಡಲು ಮುಕ್ಕಾಲು ಪಾಲಿಗಿಂತ ಹೆಚ್ಚು ಸತು, ನಮ್ಮ ಕಡೆಯ ಮಾತಿನಲ್ಲಿ ಜಸ್ತಾ. ಅದಕ್ಕೆ ಸ್ವಲ್ಪ ತಾಮ್ರ. ಎರಕ ಹೊಯ್ದು, ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ, ಉಳಿಯಿಂದ ಕೊರೆದ ಜಾಗಕ್ಕೆ ಬೆಳ್ಳಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ತಿಕ್ಕಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲೆ ಬಳಿದ ಬಣ್ಣವಲ್ಲ, ಲೋಹದ ಮೈಯೇ ಹಾಗಾಗಿರುತ್ತದೆ. ಹುಳಿಗೆ ಸತು ಕರಗುವ ಕಾರಣ ಹುಣಸೆ, ನಿಂಬೆ ಎರಡೂ ಅದಕ್ಕೆ ವೈರಿ. ಒಣ ಬಟ್ಟೆ, ಎರಡು ಹನಿ ಎಣ್ಣೆ, ಇಷ್ಟೇ ಆರೈಕೆ.

2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು, ಊರಿಗೆ ಊರೇ ಹಿಗ್ಗಿತು. ಇವೆಲ್ಲ ಕಲೆಗೆ ಸಂದ ಗೌರವ. ಆದರೆ ಒಂದು ನಕ್ಷತ್ರದ ಪೆಟ್ಟು ಬೀಳುವುದು ಹೆಸರಿಲ್ಲದ ಕೆಲಸಗಾರನ ಮೇಲೆ. ಮಾರುವವರು ಮಧ್ಯದಲ್ಲಿದ್ದಾರೆ, ಆ ಸಾಲುಗಳನ್ನು ಅವನು ಓದುವುದೂ ಇಲ್ಲ. ಮುಂದಿನ ತಿಂಗಳು ಹೂದಾನಿಯ ಆರ್ಡರ್ ಯಾಕೆ ಕಡಿಮೆಯಾಯಿತೆಂಬುದು ಅವನಿಗೆ ಒಗಟು.

2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿದೆ ಎಂದು ತಿಳಿಸಬೇಕು, ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಒಳ್ಳೆಯದೇ. ಆದರೆ ದೂರೇ ಹುಟ್ಟದಂತೆ ಮಾಡುವ ಕೆಲಸ ಕಾನೂನಿನದಲ್ಲ, ಮಾರುವವನದು. ಚಿತ್ರದಲ್ಲಿ ಹೂದಾನಿಯ ಪಕ್ಕ ಒಂದು ಕಡ್ಡಿಪೆಟ್ಟಿಗೆ ಇಟ್ಟರೆ ಅಳತೆಯ ಜಗಳವೇ ಇಲ್ಲ. ತೂಕ ಬರೆಯಬೇಕು. ಬೆಳ್ಳಿಯ ಕೆಲಸ ಎಂಥದ್ದೆಂದು ಬರೆಯಬೇಕು. ಮಾಡಿದವರ ಹೆಸರು ಬರೆದರೆ ಇನ್ನೂ ಚೆನ್ನ.

ವಸ್ತುವಿನ ವಿನ್ಯಾಸದಲ್ಲೂ ಗಿರಾಕಿಯ ದಿನನಿತ್ಯದ ಬಾಳು ಕಾಣಬೇಕು. ಇದು ಬಿದರಿಗೆ ಹೊಸ ವಿದ್ಯೆಯಲ್ಲ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಂತಹ ಕಡೆ ಹಳೆಯ ಬಿದರಿ ಹುಕ್ಕಾಗಳ ತಳಗಳಿವೆ. ಮೊದಮೊದಲಿನವು ಚೆಂಡಿನಂತೆ ದುಂಡಗೆ. ಉರುಳದಿರಲು ಕೆಳಗೊಂದು ಸಿಂಬಿ ಬೇಕಿತ್ತು. 18ನೆಯ ಶತಮಾನದಲ್ಲಿ ಗಂಟೆಯಾಕಾರದ, ಅಗಲ ತಳದವು ರೂಢಿಗೆ ಬಂದವು, ಸಿಂಬಿಯ ಹಂಗಿಲ್ಲದೆ ನಿಂತವು. ಹುಕ್ಕಾ ಸೇದುವವನ ತೊಂದರೆ ಯಾರೋ ಎರಕದವನ ಕಿವಿಗೆ ಬಿದ್ದಿರಬೇಕು. ಇಂದು ಪೆನ್ನಿನ ಸ್ಟ್ಯಾಂಡ್, ಕೀ ಚೈನ್, ಪೆನ್ ಡ್ರೈವಿನ ಕವಚ ಬಂದಿವೆ. ಅವು ನಮಗೆ ಇಷ್ಟ. ಶರಬತ್ತಿನ ಲೋಟ ಮಾಡಿಕೊಡಿ ಎಂದು ಕೇಳುವವರಿಗೆ ಮಾತ್ರ ಇಲ್ಲವೆನ್ನಬೇಕು. ನಿಂಬೆ ಶರಬತ್ತು ಸತುವನ್ನು ಹೊಟ್ಟೆಗೆ ಇಳಿಸುತ್ತದೆ. ಕಿವಿಯೋಲೆ ಮಾಡುವವರು ಒಂದು ದಿನ ಮನೆಯ ಹೆಣ್ಣುಮಕ್ಕಳಿಗೆ ಅದನ್ನು ಹಾಕಿಸಿ ನೋಡಲಿ. ಸಂಜೆಯ ಹೊತ್ತಿಗೆ ಕಿವಿ ಜಗ್ಗಿದರೆ ನಕ್ಷೆ ಎಷ್ಟು ಚೆಂದವಿದ್ದೇನು?

ನಮ್ಮ ಆ ಪರಿಚಯದವರು ಹೂದಾನಿಗೆ ಮತ್ತೆ ಮಣ್ಣು ತಿಕ್ಕಿ ಕಪ್ಪು ತಂದುಕೊಟ್ಟರು, ದುಡ್ಡು ಬೇಡವೆಂದರು. ಅವರ ಮಗ ಈಗ ಪ್ರತಿ ಡಬ್ಬಿಯೊಳಗೂ ಅಂಗೈಯಗಲದ ಚೀಟಿ ಹಾಕುತ್ತಿದ್ದಾನೆ. ಕನ್ನಡ, ಉರ್ದು, ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ಸಾಲು, ಕೆಳಗೆ ಮೊಬೈಲ್ ನಂಬರು. ಕನ್ನಡದ ಸಾಲುಗಳನ್ನು ನಾವೇ ತಿದ್ದಿಕೊಟ್ಟೆವು. ಗಿರಾಕಿಗಳ ಫೋನು ಬರುತ್ತಿವೆಯಂತೆ. ಹೆಚ್ಚಿನವರು ಕೇಳುವುದು ಒಂದೇ, ಯಾವ ಎಣ್ಣೆ ಎಂದು. ಚೀಟಿಯಲ್ಲಿ ‘ಎಣ್ಣೆ’ ಎಂದಷ್ಟೇ ಇತ್ತು. ಮುಂದಿನ ಸಲ ‘ಕೊಬ್ಬರಿ ಎಣ್ಣೆ’ ಎಂದು ಅಚ್ಚು ಹಾಕಿಸುತ್ತಾನಂತೆ.