ರೆಪೊ ಕದಲದೆಯೇ ಬಡ್ಡಿ ಏರಿದ ಜುಲೈ

ರೆಪೊ ದರದಲ್ಲಿ ಬದಲಾವಣೆ ಇಲ್ಲ ಅಂತ ಟಿವಿಯಲ್ಲಿ ಬಂದ ಕೂಡಲೇ ಮನೆಯವರು ನನ್ನ ಮುಖ ನೋಡುತ್ತಾರೆ. “ಹಾಗಾದ್ರೆ ಬಡ್ಡಿ ಏರಲ್ಲ ಅಲ್ವಾ?” ಅದಕ್ಕೆ ನಾನು ಹೇಳುವುದು 2013ರ ಜುಲೈ ತಿಂಗಳ ಕಥೆ.

ಆಗ ನಾನು ಮುಂಬೈಯಲ್ಲಿ ಬ್ಯಾಂಕೊಂದರ ಟ್ರೆಷರಿಯಲ್ಲಿದ್ದೆ. ಕಾಲ್ ಮನಿ ನನ್ನ ಪಾಲಿನ ಕೆಲಸ. ಒಂದು ಬ್ಯಾಂಕು ಇನ್ನೊಂದರಿಂದ ಒಂದು ರಾತ್ರಿಯ ಮಟ್ಟಿಗೆ, ಅಡಮಾನವಿಲ್ಲದೆ ಪಡೆಯುವ ಕೈಸಾಲ ಅದು. ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ನಗದು ಮೀಸಲಿಗೆ ಕೊರತೆ ಬಿದ್ದವರು ಕೇಳುತ್ತಾರೆ, ಮಿಕ್ಕಿದ್ದವರು ಕೊಡುತ್ತಾರೆ. ರೆಪೊ ದರ ಆಗ ಶೇ 7.25. ಸರ್ಕಾರಿ ಬಾಂಡ್ ಅಡವಿಟ್ಟರೆ ರಿಸರ್ವ್ ಬ್ಯಾಂಕೇ ಆ ದರಕ್ಕೆ ಕೊಡುತ್ತಿತ್ತು. ಹಾಗಿರುವಾಗ ಪಕ್ಕದ ಬ್ಯಾಂಕಿಗೆ ಅದಕ್ಕಿಂತ ಬಹಳ ಹೆಚ್ಚು ಕೊಡುವವರು ಯಾರು? ಕಾಲ್ ದರ ರೆಪೊದ ಆಸುಪಾಸಿನಲ್ಲೇ ಓಡಾಡುತ್ತಿತ್ತು. ಎಲ್ಲೂ ಸಿಗದಿದ್ದರೆ ಕೊನೆಗೆ ರಿಸರ್ವ್ ಬ್ಯಾಂಕಿನದೇ ಎಂಎಸ್‌ಎಫ್ ಎಂಬ ಕಿಟಕಿ ಇತ್ತು, ದರ ಶೇ 8.25.

ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ, ಬಾಂಡ್ ಖರೀದಿಯನ್ನು ತಗ್ಗಿಸಬಹುದು ಎಂಬ ಸುಳಿವು ಕೊಟ್ಟರು. ಡಾಲರ್ ನಮ್ಮಲ್ಲಿಂದ ಹೊರಟಿತು, ರೂಪಾಯಿ ಜಾರುತ್ತಾ ಬಂತು. ರೂಪಾಯಿಯನ್ನು ಅಗ್ಗಕ್ಕೆ ಸಾಲ ಪಡೆದು ಡಾಲರ್ ಕೊಂಡಿಟ್ಟುಕೊಂಡರೆ ಲಾಭ ಎನ್ನುವ ಲೆಕ್ಕಾಚಾರ ಎಲ್ಲೆಡೆ ನಡೆಯುತ್ತಿತ್ತು. ಆ ಅಗ್ಗದ ರೂಪಾಯಿಗೇ ಬೀಗ ಹಾಕಬೇಕೆಂದು ರಿಸರ್ವ್ ಬ್ಯಾಂಕ್ ಗವರ್ನರ್ ಸುಬ್ಬರಾವ್ ನಿರ್ಧರಿಸಿದರು.

ಜುಲೈ 15, ಸೋಮವಾರ ರಾತ್ರಿ ಪ್ರಕಟಣೆ ಬಂತು. ರೆಪೊ ಅದೇ 7.25. ಆದರೆ ಎಂಎಸ್‌ಎಫ್ ದರ ಒಂದೇ ಏಟಿಗೆ 10.25. ಜೊತೆಗೆ, ಬ್ಯಾಂಕುಗಳಿಗೆಲ್ಲ ಸೇರಿ ರೆಪೊದಲ್ಲಿ ದಿನಕ್ಕೆ 75,000 ಕೋಟಿ ರೂಪಾಯಿಗಿಂತ ಹೆಚ್ಚು ಸಿಗುವುದಿಲ್ಲ.

ಮಂಗಳೂರು ಕಡೆಯವರಾದ ನಮ್ಮ ಮುಖ್ಯಸ್ಥರು ಬೆಳಿಗ್ಗೆ ಬಂದವರೇ, “ರೆಪೊ ನೋಡಿ ಎಂಥ ಮಾಡ್ತೀಯಾ ಮಾರಾಯ? ಇನ್ನು ಎಂಎಸ್‌ಎಫ್ಫೇ ರೆಪೊ ಅಂತ ತಿಳ್ಕೊ,” ಅಂದರು. ಅವರು ಅಂದದ್ದು ನಿಜವಾಯಿತು. ನ್ಯಾಯಬೆಲೆ ಅಂಗಡಿಯಲ್ಲಿ ಸೀಮೆಎಣ್ಣೆ ಎಷ್ಟೇ ಅಗ್ಗವಿರಲಿ, ಸಿಗುವುದು ಎರಡೇ ಲೀಟರ್ ಎಂದರೆ ಮೂರನೆಯದಕ್ಕೆ ಹೊರಗಿನ ಬೆಲೆಯನ್ನೇ ತೆರಬೇಕು. ಆ ಮೂರನೆಯ ಲೀಟರಿನ ಬೆಲೆಯೇ ನಮ್ಮ ಮಾರುಕಟ್ಟೆಯ ಬೆಲೆಯಾಯಿತು. ಹಣ ಇದ್ದವನಿಗೆ ಗೊತ್ತಿತ್ತು, ಎದುರಿನವನು ತನ್ನನ್ನು ಬಿಟ್ಟರೆ 10.25ರ ಕಿಟಕಿಗೇ ಹೋಗಬೇಕೆಂದು. ಹಾಗಾಗಿ ಅವನೂ ಅದರ ಹತ್ತಿರದ ದರವನ್ನೇ ಕೇಳುತ್ತಿದ್ದ.

ಜುಲೈ 23ರಂದು ಹಿಡಿತ ಇನ್ನೂ ಬಿಗಿಯಾಯಿತು. ಪ್ರತಿ ಬ್ಯಾಂಕಿಗೂ ರೆಪೊ ಮಿತಿ ಅದರ ಠೇವಣಿ ಮತ್ತಿತರ ಹೊಣೆಗಳ ಶೇ 0.5 ಮಾತ್ರ. ಆದರೆ ಡೀಲರುಗಳಿಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಇನ್ನೊಂದು ನಿಯಮ. ಅಲ್ಲಿಯ ತನಕ ನಗದು ಮೀಸಲನ್ನು ಯಾವುದೇ ದಿನ ನಿಗದಿತ ಮೊತ್ತದ ಶೇ 70ರವರೆಗೆ ಇಳಿಸಿ, ಹದಿನೈದು ದಿನಗಳ ಸರಾಸರಿಯಲ್ಲಿ ಸರಿದೂಗಿಸಬಹುದಿತ್ತು. ಇನ್ನು ದಿನದಿನವೂ ಶೇ 99 ಇರಲೇಬೇಕು. ಇವತ್ತು ದರ ಹೆಚ್ಚಿದೆ, ನಾಳೆ ಕೊಳ್ಳೋಣ ಎನ್ನುವ ಅವಕಾಶವೇ ಹೋಯಿತು.

ಲೆಕ್ಕ ಹೇಳುತ್ತೇನೆ ಕೇಳಿ. ನೂರು ಕೋಟಿಗೆ ಒಂದು ರಾತ್ರಿಯ ಬಡ್ಡಿ 7.25ರ ದರದಲ್ಲಿ ಸುಮಾರು 1.99 ಲಕ್ಷ, 10.25ರಲ್ಲಿ 2.81 ಲಕ್ಷ. ದಿನವೂ ಸಾವಿರಾರು ಕೋಟಿ ಎತ್ತುವ ಬ್ಯಾಂಕು ಇದನ್ನು ಎಷ್ಟು ದಿನ ನುಂಗೀತು? ಆಗಸ್ಟಿನಲ್ಲಿ ಕೆಲವು ಬ್ಯಾಂಕುಗಳು ಸಾಲದ ಮೂಲ ದರ ಏರಿಸಿದವು, ರೆಪೊ ಕಾಲು ಪೈಸೆ ಏರದಿದ್ದರೂ. ಇಷ್ಟಾದರೂ ರೂಪಾಯಿ ಕೂಡಲೇ ನಿಲ್ಲಲಿಲ್ಲ. ಆಗಸ್ಟ್ 28ರಂದು ಡಾಲರಿಗೆ 68 ದಾಟಿತು. ಆ ಹೊತ್ತಿನಲ್ಲಿ ಬೇರೆ ದಾರಿ ಹೆಚ್ಚಿರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ, ಆದರೆ ಅದರ ಬೆಲೆ ತೆತ್ತವರಲ್ಲಿ ಡಾಲರಿನ ಮುಖವನ್ನೇ ನೋಡದ ಸಣ್ಣ ಸಾಲಗಾರರೂ ಇದ್ದರು.

ಸೆಪ್ಟೆಂಬರ್ 4ಕ್ಕೆ ರಘುರಾಮ್ ರಾಜನ್ ಗವರ್ನರ್ ಆದರು. 20ರಂದು ಅವರು ರೆಪೊವನ್ನು 7.50ಕ್ಕೆ ಏರಿಸಿದರು, ಎಂಎಸ್‌ಎಫ್ ಅನ್ನು 9.50ಕ್ಕೆ ಇಳಿಸಿದರು. ಮರುದಿನದ ಪತ್ರಿಕೆ ಓದಿದವರಿಗೆ ಬಡ್ಡಿ ಏರಿತು ಎನಿಸಿರಬೇಕು. ನಮ್ಮ ಮೇಜಿನ ಮೇಲೆ ಮಾತ್ರ ಒಂದು ರಾತ್ರಿಯ ಸಾಲ ಅಗ್ಗವಾಗಿತ್ತು. ಅಕ್ಟೋಬರ್ 29ಕ್ಕೆ ರೆಪೊ 7.75, ಎಂಎಸ್‌ಎಫ್ 8.75 ಆಗಿ, ಎರಡರ ನಡುವಿನ ಅಂತರ ಮೊದಲಿನಂತೆ ಒಂದು ಶೇಕಡಾಕ್ಕೆ ಬಂದು ನಿಂತಿತು.