ಹದ್ದಿನ ಲೆಕ್ಕ

ಯಲಹಂಕದ ದಾರಿಯಲ್ಲಿ, ಜಕ್ಕೂರಿನ ವಿಮಾನ ಮೈದಾನದ ಮೇಲೆ ಮಧ್ಯಾಹ್ನ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನೋಡಿದ್ದೀರಾ? ಕಾದ ನೆಲದಿಂದೇಳುವ ಬಿಸಿಗಾಳಿಯೇ ಅವುಗಳ ಏಣಿ. ಎಂಜಿನ್ನಿಲ್ಲದ ಗ್ಲೈಡರ್ ಏರುವುದೂ ಹೀಗೆಯೇ.

ಜರ್ಮನಿಯ ವಾಸರ್‌ಕುಪ್ಪೆ ಗುಡ್ಡದಲ್ಲಿ 1920ರಲ್ಲೇ ಗ್ಲೈಡರ್ ಸ್ಪರ್ಧೆ ನಡೆದಿತ್ತು. ಹೊರದೇಶಗಳ ಕ್ಲಬ್ಬಿನವರು ಈಗಲೂ ವಾರಪೂರ್ತಿ ಗೆಳೆಯರೊಳಗೇ ಪಂದ್ಯ ಕಟ್ಟುತ್ತಾರೆ. ಗೊತ್ತುಮಾಡಿದ ಊರುಗಳನ್ನು ಸುತ್ತಿ ಬೇಗ ಮರಳಿದವರೇ ಗೆದ್ದಂತೆ. ಎಲ್ಲರಿಗಿಂತ ಎತ್ತರ ಏರಿದವರೇ ಗೆಲ್ಲುತ್ತಾರೆಂದೇನಿಲ್ಲ. 1956ರ ವಿಶ್ವ ಚಾಂಪಿಯನ್, ಅಮೆರಿಕದ ಪಾಲ್ ಮೆಕ್ರೆಡಿ ಇದಕ್ಕೊಂದು ಲೆಕ್ಕ ಕೊಟ್ಟರು: ಮುಂದೆ ಬಲವಾದ ಗಾಳಿ ಸಿಗುವಂತಿದ್ದರೆ ಕೈಯಲ್ಲಿರುವ ಸಾಧಾರಣ ಗಾಳಿಯನ್ನು ಬಿಟ್ಟು ಹೊರಡಬೇಕು. ಬಿಟ್ಟರೆ ಸ್ವಲ್ಪ ಇಳಿಯಬೇಕಾದೀತು. ಬಿಡದಿದ್ದರೆ ಅಲ್ಲೇ ಸುತ್ತುತ್ತಿರಬೇಕು.

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳಿಗೆ ದೂರದೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. "ಇಲ್ಲೇ ಏನಾದರೂ ಓದಿಕೊಳ್ಳಲಿ ಬಿಡಿ ಮಿಸ್. ಅಲ್ಲಿ ಹೋಗಿ ಕೈಲಾಗದಿದ್ದರೆ?" ಎಂದರು ತಾಯಿ. ಆ ಭಯ ಸುಳ್ಳಲ್ಲ. ಗ್ಲೈಡರಿನವರೂ ಗಾಳಿ ಕೈಕೊಟ್ಟರೆ ಇಳಿಯಲು ಹೊಲವೊಂದನ್ನು ನೋಡಿಟ್ಟುಕೊಂಡೇ ಮುಂದೆ ಸಾಗುತ್ತಾರೆ.

"ಆ ಹೊಲ ನೀವಾಗಿರಿ, ಅವಳನ್ನು ಕಳಿಸಿ" ಎಂದೆ. ಅವರಿನ್ನೂ ಯೋಚಿಸುತ್ತಿದ್ದಾರೆ.