ಬೆಕ್ಕು ಬಾರಿಸಿದ ಗಂಟೆ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಇಲಿಗಳ ಸಭೆಯಲ್ಲಿ ಹುಟ್ಟಿ, ಬಹುಕಾಲ ಉತ್ತರ ಕಾಣದೆ ಉಳಿದಿದ್ದ ಪ್ರಶ್ನೆ. ಈಗ ಉತ್ತರ ದೊರೆತಿದೆ. ಗಂಟೆಯನ್ನು ಬೆಕ್ಕಿನ ಕೊರಳಿಗೆ ಕಟ್ಟಬೇಕಾಗಿಯೇ ಇಲ್ಲ. ಮನೆಯ ಗೋಡೆಗೆ ಒಂದು ಕ್ಯಾಮೆರಾ ಕಟ್ಟಿದರೆ ಸಾಕು. ಬೆಕ್ಕು ಅದರ ಮುಂದೆ ಬಾಲವೆತ್ತಿ ನಡೆದೊಡನೆ ಯಜಮಾನನ ದಿಂಬಿನ ಬಳಿಯ ಮೊಬೈಲು ಗಣಗಣನೆ ಬಾರಿಸುತ್ತದೆ. ಇಲಿಗಳಿಗೆ ಇದರಿಂದ ಯಾವ ಪ್ರಯೋಜನವೂ ಆಗಲಿಲ್ಲವೆಂಬುದು ಬೇರೆಯ ಮಾತು.

ಮೈಸೂರಿನ ನಮ್ಮ ಮನೆಗೆ ಇಂತಹ ಎರಡು ಕಣ್ಣುಗಳನ್ನು ಇಡಿಸಿದವನು ಅಮೆರಿಕದಲ್ಲಿರುವ ನಮ್ಮ ಮಗ. ಒಂದು ಗೇಟಿನತ್ತ ನೋಡುತ್ತದೆ, ಮತ್ತೊಂದು ಹಿತ್ತಲಿನತ್ತ. ಮನೆಯಲ್ಲಿರುವವರು ನಾನು, ನನ್ನಾಕೆ, ಎಂಬತ್ತು ದಾಟಿದ ನಮ್ಮಕ್ಕ ಮತ್ತು ಅಕ್ಕನ ಬೆಕ್ಕು ಗುಂಡ. ಕಳ್ಳನಿಗಾಗಿ ನೇಮಕವಾದ ಈ ಕಾವಲುಗಾರ ಮೊದಲ ವಾರದಲ್ಲಿ ಹಿಡಿದುಕೊಟ್ಟ ಅಪರಾಧಿಗಳು ಇವರು: ಗುಂಡ, ಗಾಳಿಗೆ ತಲೆಯಾಡಿಸಿದ ಬಾಳೆಯೆಲೆ, ತಂತಿಯ ಮೇಲೆ ಒಣಗುತ್ತಿದ್ದ ನನ್ನ ಪಂಚೆ, ಮಸೂರದ ಮುಂದೆ ಬಲೆ ನೇಯ್ದ ಒಂದು ಜೇಡ, ಮತ್ತೆ ಗುಂಡ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯನ್ನು ಬಲ್ಲ ವಾಚಕರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಎಂಟನೆಯ ದಿನದಿಂದ ಮೊಬೈಲು ಎಷ್ಟು ಬಾರಿಸಿದರೂ ಮನೆಯಲ್ಲಿ ಯಾರೂ ಮಗ್ಗುಲು ಬದಲಾಯಿಸಲಿಲ್ಲ.

ಯಂತ್ರವನ್ನು ಬೈಯುವುದಕ್ಕೆ ಮೊದಲು ಅದರ ಕಷ್ಟವನ್ನು ಅರಿಯುವುದು ನ್ಯಾಯ. ಅದು ಮೊದಲು ಮಾಡುವ ಕೆಲಸ, ಈ ಕ್ಷಣದ ಚಿತ್ರವನ್ನು ಹಿಂದಿನ ಕ್ಷಣದ ಚಿತ್ರದೊಡನೆ ಹೋಲಿಸುವುದು. ಏನೋ ಬದಲಾಯಿತು ಎಂದಷ್ಟೇ ಆಗ ಅದಕ್ಕೆ ತಿಳಿಯುತ್ತದೆ. ಬದಲಾದುದು ಕಳ್ಳನೋ ಪಂಚೆಯೋ ತಿಳಿಯದು. ಹೆಸರಿಡುವುದು ಎರಡನೆಯ ಕೆಲಸ. ಅದಕ್ಕೆ ವಿದ್ಯೆ ಬೇಕು. ಈ ವಿದ್ಯೆಯ ಆರಂಭದ ಪಾಠಗಳಲ್ಲಿ ಬೆಕ್ಕೇ ಪ್ರಸಿದ್ಧಿ ಪಡೆದದ್ದು ವಿನೋದದ ಸಂಗತಿ. 2012ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು, ಯೂಟ್ಯೂಬಿನಿಂದ ಆಯ್ದ ಒಂದು ಕೋಟಿ ಚಿತ್ರಗಳನ್ನು ಯಾವುದಕ್ಕೂ ಹೆಸರು ಹೇಳದೆ ಯಂತ್ರಕ್ಕೆ ತೋರಿಸಿದಾಗ, ಅದು ತಾನಾಗಿಯೇ ಬೆಕ್ಕಿನ ಮುಖವನ್ನು ಗುರುತಿಸಲು ಕಲಿಯಿತು. 2014ರಲ್ಲಿ ಹೊರಬಂದ ‘ಕೋಕೋ’ ಎಂಬ ಚಿತ್ರಸಂಗ್ರಹ ಇಂತಹ ಯಂತ್ರಗಳ ಪಠ್ಯಪುಸ್ತಕವಾಗಿ ಹೆಸರಾಯಿತು. ಅದರ 80 ಬಗೆಯ ವಸ್ತುಗಳಲ್ಲಿ ಪ್ರಾಣಿಗಳು ಹತ್ತು. ಬೆಕ್ಕು, ನಾಯಿ, ಹಸುಗಳಿವೆ. ಆನೆ, ಕರಡಿ, ಜೀಬ್ರಾ, ಜಿರಾಫೆಗಳೂ ಇವೆ. ಕೋತಿ ಮಾತ್ರ ಇಲ್ಲ! ಮೈಸೂರಿನ ಮೃಗಾಲಯದ ಹೊರಗೆ ಕಾಂಪೌಂಡಿನ ಮೇಲೆ ಜಿರಾಫೆ ನಡೆದುದನ್ನು ನಾನಂತೂ ಕಂಡಿಲ್ಲ. ಈ ಒಂದೇ ಪುಸ್ತಕವನ್ನು ಓದಿದ ಯಂತ್ರ ನಮ್ಮ ಕೋತಿಯನ್ನು ಕಂಡರೆ, ಬೇರೆ ಯಾವುದಾದರೂ ಹೆಸರಿನಿಂದ ಕರೆಯಬೇಕು, ಇಲ್ಲವೇ ಸುಮ್ಮನಿರಬೇಕು.

ಮಗ ಅಲ್ಲಿಂದಲೇ ಒಂದೊಂದಾಗಿ ಪರಿಹಾರ ಸೂಚಿಸಿದ. ಮಾಳಿಗೆಯ ಅಂಚಿನಲ್ಲಿದ್ದ ಹಿತ್ತಿಲ ಕ್ಯಾಮೆರಾವನ್ನು ಏಳೆಂಟು ಅಡಿಯ ಎತ್ತರಕ್ಕೆ ಇಳಿಸಿದೆವು. ಮೇಲಿನಿಂದ ನೋಡಿದರೆ ಬೆಕ್ಕೂ ಒಂದು ಉಂಡೆ, ಮನುಷ್ಯನೂ ಒಂದು ಉಂಡೆ. ಜೇಡನ ಬಲೆಯನ್ನು ತೆಗೆದೆವು. ರಾತ್ರಿ ಕ್ಯಾಮೆರಾ ಬೀರುವ ಅವಕೆಂಪು ಬೆಳಕಿನಲ್ಲಿ ಅದರ ಒಂದು ಎಳೆಯೂ ಹಗ್ಗದಂತೆ ಹೊಳೆಯುತ್ತದೆ. ಬಾಳೆಯ ಗಿಡವನ್ನು ಕಾವಲಿನ ಗಡಿಯಿಂದ ಹೊರಗಿಟ್ಟೆವು. ಕೊನೆಗೆ ಮಗ, ‘ಸಾಕುಪ್ರಾಣಿ’ ಎಂದು ತೋರಿದರೆ ಬಾರಿಸಕೂಡದೆಂದು ಯಂತ್ರಕ್ಕೆ ಅಪ್ಪಣೆ ಮಾಡಿದ. ಮನೆಯಲ್ಲಿ ಶಾಂತಿ ನೆಲೆಸಿತು. ಯಂತ್ರ ಸುಧಾರಿಸಿತೆಂದು ಎಲ್ಲರೂ ಹೊಗಳಿದರು.

ಮಾರ್ಗಶಿರದ ಚಳಿಯ ಒಂದು ರಾತ್ರಿ, ಮೂರು ಗಂಟೆಯ ಸಮಯ. ಗುಂಡ ಒಳಗೆ ಬಂದಿಲ್ಲವೆಂದು ಅಕ್ಕ ತಲೆಯ ಮೇಲೆ ಕಂಬಳಿ ಹೊದ್ದು ಹಿತ್ತಿಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಬಳಿ ಪಾಚಿಯ ಮೇಲೆ ಕಾಲು ಜಾರಿತು. ಮಣಿಕಟ್ಟಿನ ಮೂಳೆ ಮುರಿಯಿತು, ಏಳಲಾಗಲಿಲ್ಲ. ಮೊಣಕಾಲೂರಿ ತೆವಳುತ್ತ ಹೊಸ್ತಿಲಿನತ್ತ ಬಂದಳು; ಕೂಗಿದುದು ನಮಗೆ ಕೇಳಿಸಲಿಲ್ಲ. ನಾಲ್ಕೂವರೆಗೆ ನನ್ನಾಕೆ ಬಾಗಿಲು ತೆರೆದಾಗ ಅಕ್ಕ ಮೆಟ್ಟಿಲಿಗೆ ಒರಗಿ ನಡುಗುತ್ತಿದ್ದಳು. ಗುಂಡ ಅವಳ ಮಡಿಲಲ್ಲಿತ್ತು.

ಆಸ್ಪತ್ರೆಯಿಂದ ಮರಳಿದ ಮೇಲೆ ಮೊಬೈಲಿನಲ್ಲಿ ಹುಡುಕಿದೆ. ಚಿತ್ರವಿತ್ತು. ಬೂದುಬಣ್ಣದ ಕತ್ತಲೆಯಲ್ಲಿ ಕಂಬಳಿ ಹೊದ್ದ ಒಂದು ಕುಳ್ಳ ಆಕೃತಿ ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಕೆಳಗೆ ಯಂತ್ರ ಬರೆದಿತ್ತು: ‘ಸಾಕುಪ್ರಾಣಿ’. ಅಪ್ಪಣೆಯಂತೆ ಅದು ಬಾರಿಸಲಿಲ್ಲ. ನಿಂತ ಮನುಷ್ಯರನ್ನೂ ನಡೆಯುವ ಮನುಷ್ಯರನ್ನೂ ಹೆಚ್ಚಾಗಿ ಕಂಡು ಕಲಿತ ಯಂತ್ರಕ್ಕೆ, ಬಿದ್ದ ಮನುಷ್ಯರ ಪರಿಚಯ ಕಡಿಮೆ. ಅಕ್ಕ ಮಾತ್ರ ಚಿತ್ರವನ್ನು ನೋಡಿ, “ಅದೇನೂ ಸುಳ್ಳು ಹೇಳಿಲ್ಲ ಬಿಡೋ, ಪಕ್ಕದಲ್ಲಿ ಗುಂಡನೂ ಇದ್ದನಲ್ಲ” ಎಂದಳು.

ತಪ್ಪು ಯಾರದೆಂದು ಹುಡುಕಲು ನಾವು ಹೋಗಲಿಲ್ಲ. ಆದರೆ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಇಂತಹ ಯಂತ್ರ ಎರಡು ವಿಧದಲ್ಲಿ ಎಡವಬಲ್ಲದು: ಬಾರಿಸಬಾರದಾಗ ಬಾರಿಸುವುದು ಒಂದು, ಬಾರಿಸಬೇಕಾದಾಗ ಸುಮ್ಮನಿರುವುದು ಇನ್ನೊಂದು. ಎಷ್ಟು ಖಚಿತವಾದರೆ ಬಾರಿಸಬೇಕೆಂಬ ಅಳತೆಯನ್ನು ಏರಿಸಿದರೆ ಮೊದಲನೆಯದು ತಗ್ಗಿ ಎರಡನೆಯದು ಬೆಳೆಯುತ್ತದೆ, ಇಳಿಸಿದರೆ ಅದಲುಬದಲು. ಮೊದಲನೆಯದರ ಬೆಲೆ ಅರ್ಧ ಗಂಟೆಯ ನಿದ್ರೆ. ಎರಡನೆಯದರ ಬೆಲೆಯನ್ನು ಆ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿ ಕಟ್ಟಬೇಕು. ಅದು ಕಾರ್ಖಾನೆಯಲ್ಲಿ ಗೊತ್ತಾಗುವಂಥದಲ್ಲ.

ಈಗ ಗೇಟಿನ ಕಡೆ ಹಿಂದಿನ ನಿಯಮವೇ ಇದೆ. ಬೀದಿಯ ನಾಯಿಗಳು ನಿಶ್ಚಿಂತೆಯಿಂದ ಓಡಾಡಬಹುದು. ಹಿತ್ತಿಲಿನಲ್ಲಿ ಮಾತ್ರ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಯಾವ ಪ್ರಾಣಿ ಸುಳಿದರೂ ಬಾರಿಸುತ್ತದೆ. ಅಲ್ಲಿ ಒಂದು ದೀಪವನ್ನೂ ಹಾಕಿಸಿದ್ದೇವೆ. ಯಂತ್ರಕ್ಕೂ ಅಕ್ಕನಿಗೂ ಅದರಿಂದ ಕಣ್ಣು ಬಂದಂತಾಗಿದೆ. ಗುಂಡ ರಾತ್ರಿ ಎರಡು ಮೂರು ಬಾರಿ ನನ್ನನ್ನು ಎಬ್ಬಿಸುತ್ತಾನೆ. ಎದ್ದು ನೋಡಿ, ಬೆಕ್ಕೇ ಎಂದು ಖಚಿತಮಾಡಿಕೊಂಡು ಮಲಗುತ್ತೇನೆ.

ಅಕ್ಕನೂ ತನ್ನ ಪಾಲಿನ ಸುಧಾರಣೆಯನ್ನು ಮಾಡಿದ್ದಾಳೆ. ಹಿತ್ತಿಲಿಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, ಕಂಬಳಿಯನ್ನು ತಲೆಯಿಂದ ಸರಿಸಿ, ಗೋಡೆಯ ಮೇಲಿನ ಕಣ್ಣನ್ನು ನೋಡಿ ಹೇಳುತ್ತಾಳೆ: “ನಾನು ಕಣೋ, ಗುಂಡ ಅಲ್ಲ.”